ಬೇರೆ ಕಾರಿನ ಟ್ಯಾಂಕು

ಕೋಟನೂರಿನ ನಮ್ಮ ಮನೆಯ ಮುಂದೆ, ಬೇವಿನ ಮರದ ಕೆಳಗೆ ನಿಲ್ಲುವ ಬಿಳಿಯ ಮಾರುತಿ 800 ಕಾರನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 1998ರಲ್ಲಿ ಕೊಂಡದ್ದು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡು ಅದರಲ್ಲಿ ಕುಳಿತು ಕೇಂದ್ರ ತಲುಪಿದವರೂ ನಿಮ್ಮಲ್ಲಿದ್ದಾರೆ. ಆ ಕಾರಿಗೆ ಬೇರೆ ಮಾದರಿಯ ಪೆಟ್ರೋಲ್ ಟ್ಯಾಂಕು ಕೂಡಿಸಿದ ಸಂಗತಿಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಕೈ ಹಿಂಜರಿಯಿತು. ಏಕೆಂದರೆ ಇದರಲ್ಲಿ ತಪ್ಪು ನನ್ನದು.

ಕೊರೊನಾ ಕಾಲದಲ್ಲಿ, ಅಂದರೆ 2020 ಮತ್ತು 2021ರಲ್ಲಿ, ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿತ್ತು. ಟ್ಯಾಂಕಿನಲ್ಲಿ ಕಾಲುಭಾಗ ಪೆಟ್ರೋಲು, ಉಳಿದದ್ದು ಗಾಳಿ. ಗಾಳಿಯಲ್ಲಿನ ತೇವ ರಾತ್ರಿ ತಂಪಿಗೆ ತಗಡಿನ ಒಳಮೈಗೆ ಹನಿಯಾಗಿ ಹತ್ತಿ ಕೆಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ತಳ ಸೇರುತ್ತದೆ, ಅಲ್ಲಿಯೇ ತುಕ್ಕು ಹುಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಕೂಡ ತೇವವನ್ನು ತನ್ನತ್ತ ಸೆಳೆಯುವ ದ್ರವವೇ. ಇದನ್ನೆಲ್ಲ ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ನಿಲ್ಲಿಸುವ ಮುನ್ನ ಟ್ಯಾಂಕು ತುಂಬಿಸಬೇಕೆಂಬುದು ಮಾತ್ರ ಹೊಳೆಯಲಿಲ್ಲ.

2023ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಕಾರಿನ ಕೆಳಗೆ ಅಂಗೈಯಗಲದ ಒದ್ದೆ ಕಂಡಿತು, ಮೂಗಿಗೆ ಪೆಟ್ರೋಲಿನ ವಾಸನೆ ಬಡಿಯಿತು. ಅದೇ ವರ್ಷ ಕಾರಿನ ನೋಂದಣಿ ನವೀಕರಣವೂ ಆಗಬೇಕಿತ್ತು. ಖಾಸಗಿ ಕಾರಿಗೆ ಮೊದಲ ಹದಿನೈದು ವರ್ಷದ ಅವಧಿ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ. ಸೋರುವ ಟ್ಯಾಂಕಿನ ಗಾಡಿಯನ್ನು ಯಾವ ಅಧಿಕಾರಿ ತಾನೆ ಒಪ್ಪಿಯಾನು?

ರಿಂಗ್ ರಸ್ತೆಯ ಬದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜು ಇದೆ. ಹೆಸರು ಬರೆಯುವುದಿಲ್ಲ, ಅವನಿಗೆ ಸಂಕೋಚ. ಹತ್ತನೆಯ ತರಗತಿಯಲ್ಲಿ ನನ್ನ ವಿಜ್ಞಾನ ವಿಷಯದಲ್ಲಿಯೇ ನಪಾಸಾಗಿ ಶಾಲೆ ಬಿಟ್ಟವನು. ಈಗ ಅವನ ಕೈಕೆಳಗೆ ನಾಲ್ವರು ಹುಡುಗರು ಕೆಲಸ ಕಲಿಯುತ್ತಾರೆ, ಅವರೆಲ್ಲರಿಗೂ ಅವನು ಉಸ್ತಾದ. ಟ್ಯಾಂಕು ಇಳಿಸಿ ತಳ ತೋರಿಸಿದ. ಹರಿತವಲ್ಲದ ಸ್ಕ್ರೂಡ್ರೈವರ್ ಒತ್ತಿದರೂ ತೂತು ಬೀಳುವಷ್ಟು ತಗಡು ಸವೆದಿತ್ತು.

"ಪೆಟ್ರೋಲ್ ಎಲ್ಲಾ ಬಸಿದು ವೆಲ್ಡಿಂಗ್ ಮಾಡಿಸಿಬಿಡೋಣಲ್ಲೋ" ಎಂದೆ.

"ಬ್ಯಾಡ್ರಿ ಸರ್. ತುಂಬಿದ ಟಾಂಕಿಗಿಂತ ಖಾಲಿ ಟಾಂಕಿನೇ ಕೆಟ್ಟದ್ದು. ಒಳಗ ಆವಿ ಇರ್ತದ, ಗಾಳಿ ಇರ್ತದ. ಕಿಡಿ ಒಂದು ಬಿದ್ರ ಸಾಕು. ನೀವೇ ಕಲಿಸಿದ್ರಿ."

ಕಲಿಸಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ಅವನಿಗೆ ನೆನಪಿತ್ತು.

ಹಳೆಯ ಮಾದರಿಯ ಟ್ಯಾಂಕಿಗಾಗಿ ಎರಡು ವಾರ ಹುಡುಕಿದೆವು. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿದೆ. ನನ್ನದು ಅದಕ್ಕೂ ಹಿಂದಿನ ಕಾರ್ಬೊರೇಟರ್ ಕಾಲದ್ದು. ಕೊನೆಗೆ ಗುಜರಿಯಲ್ಲಿ ದೊರೆತದ್ದು 2000ದ ನಂತರ ಬಂದ ಎಂಪಿಎಫ್ಐ ಮಾದರಿಯ ಟ್ಯಾಂಕು. ತಗಡು ಗಟ್ಟಿಯಾಗಿತ್ತು, ಒಳಗೆ ತುಕ್ಕಿರಲಿಲ್ಲ. ಹೊರಗಿನ ಆಕಾರ ನೋಡಿದರೆ ಅಣ್ಣ ತಮ್ಮಂದಿರಂತೆ. ವ್ಯತ್ಯಾಸವೆಲ್ಲ ಒಳಗಿನದು.

ಕಾರ್ಬೊರೇಟರ್ ಕಾರಿನಲ್ಲಿ ಪೆಟ್ರೋಲು ಎಳೆಯುವ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಎಂಜಿನ್ನು ತಿರುಗಿದಂತೆಲ್ಲ ಅದು ಹಿಂದಿನ ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ, ನಾವು ಎಳನೀರನ್ನು ಕೊಳವೆಯಿಂದ ಎಳೆದಂತೆ. ಎಂಪಿಎಫ್ಐ ಕಾರಿನಲ್ಲಿ ಪಂಪು ವಿದ್ಯುತ್ತಿನದು, ಟ್ಯಾಂಕಿನೊಳಗೇ ಮುಳುಗಿದ್ದು ಹೆಚ್ಚಿನ ಒತ್ತಡದಿಂದ ಮುಂದಕ್ಕೆ ತಳ್ಳುತ್ತದೆ. ಅಷ್ಟು ಒತ್ತಡದ ಪೆಟ್ರೋಲು ಕಾರ್ಬೊರೇಟರಿಗೆ ಬಂದರೆ ಅದು ಉಕ್ಕಿ ಚೆಲ್ಲುತ್ತದೆ. ಆದ್ದರಿಂದ ಒಳಗಿನ ಪಂಪನ್ನು ತೆಗೆದು, ಅದು ಕುಳಿತಿದ್ದ ತಟ್ಟೆಗೆ ಒಂದು ಎಳೆಕೊಳವೆಯನ್ನೂ ಹೆಚ್ಚಾದ ಪೆಟ್ರೋಲು ಹಿಂತಿರುಗಲು ಇನ್ನೊಂದನ್ನೂ ಬೆಸುಗೆ ಹಾಕಬೇಕಾಯಿತು. ಬೆಸುಗೆಯನ್ನು ತಟ್ಟೆ ಬಿಚ್ಚಿ, ಟ್ಯಾಂಕಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಹಾಕಿದ. ರಬ್ಬರ್ ಪೈಪುಗಳನ್ನೆಲ್ಲ ಹೊಸದಾಗಿಸಿದ. ಗಾಳಿ ಆಡುವ ಸಣ್ಣ ಕೊಳವೆಯನ್ನು ಬಾಯಿಯಿಂದ ಊದಿ ನೋಡಿದ. ಅದು ಕಟ್ಟಿದರೆ ಪೆಟ್ರೋಲು ಇಳಿದಂತೆ ಒಳಗೆ ನಿರ್ವಾತ ಹುಟ್ಟಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ.

ಉಳಿದದ್ದು ಮೀಟರು. ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆ, ಅದರ ತೋಳಿಗೆ ಸೇರಿದ ಒಂದು ವಿದ್ಯುತ್ ರೋಧಕ. ಮಟ್ಟ ಇಳಿದಂತೆ ರೋಧ ಬದಲಾಗುತ್ತದೆ, ಅದನ್ನು ಡ್ಯಾಶ್‌ಬೋರ್ಡಿನ ಮುಳ್ಳು ಲೀಟರಿನ ಲೆಕ್ಕವಾಗಿ ತೋರಿಸುತ್ತದೆ. ಈ ಎರಡೂ ಒಂದೇ ಮಾದರಿಯವಾಗಿದ್ದರೆ ಮಾತ್ರ ಆ ಲೆಕ್ಕ ನಿಜ. ನಮ್ಮಲ್ಲಿ ಬುರುಡೆ ಒಂದು ಕಾರಿನದು, ಮುಳ್ಳು ಇನ್ನೊಂದರದು.

"ಸರ್, ಮೀಟರ್ ನಂಬಬ್ಯಾಡ್ರಿ. ನಾಲ್ಕು ದಿನ ಬಿಟ್ಟು ಗಾಡಿ ತರ್ರಿ, ಅಳತಿ ಮಾಡಿ ನೋಡೋಣು. ಅಲ್ಲೀತನಕ ಫುಲ್ ಮಾಡಿಸಿ ಕಿಲೋಮೀಟರ್ ಲೆಕ್ಕ ಇಡ್ರಿ."

"ಆತು ಆತು" ಎಂದೆ. ತಪಾಸಣೆ ಮುಗಿಯಿತು, ನವೀಕರಣವೂ ಆಯಿತು. ನಾಲ್ಕು ದಿನ ಎರಡು ತಿಂಗಳಾಯಿತು. ಮುಳ್ಳು ಮೇಲೆ ಕೆಳಗೆ ಆಡುತ್ತಿತ್ತು. ಅಷ್ಟು ಸಾಕೆನಿಸಿತು ನನಗೆ.

ಮೇ ತಿಂಗಳ ಕೊನೆಯಲ್ಲಿ, ರಾತ್ರಿ ಹತ್ತರ ಸುಮಾರಿಗೆ ಕಮಲಾಪುರದಿಂದ ಅಕ್ಕನ ಮಗನ ಫೋನು. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು, ಏಳಲು ಆಗುತ್ತಿರಲಿಲ್ಲ. "108ಕ್ಕ ಹಚ್ಚಲೇನ್ರಿ ಮಾಮಾ?" ಎಂದು ಕೇಳಿದ. "ಬ್ಯಾಡ, ನಾನೇ ಕಾರು ತರ್ತೀನಿ. ಒಂದು ತಾಸಿನ್ಯಾಗ ಅಲ್ಲಿರ್ತೀನಿ" ಎಂದವನು ನಾನೇ. ಈ ಮಾತನ್ನು ಬರೆಯುವುದೇ ಇಡೀ ಲೇಖನದಲ್ಲಿ ನನಗೆ ಕಷ್ಟದ ಕೆಲಸ.

ಹೊರಡುವಾಗ ಮೀಟರು ನೋಡಿದೆ. ಅರ್ಧಕ್ಕಿಂತ ಸ್ವಲ್ಪ ಕೆಳಗಿತ್ತು. 28 ಲೀಟರಿನ ಟ್ಯಾಂಕು, ಹನ್ನೆರಡಾದರೂ ಇರಬೇಕು, ಕಮಲಾಪುರಕ್ಕೆ ಹೋಗಿ ಬರಲು ಧಾರಾಳ ಎಂದುಕೊಂಡೆ. ನಗರ ದಾಟಿ ಹುಮನಾಬಾದ್ ರಸ್ತೆ ಹಿಡಿದೆ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಎಂಜಿನ್ನು ಎರಡು ಸಲ ಮುಗ್ಗರಿಸಿ ನಿಂತಿತು. ಮುಳ್ಳು ಆಗಲೂ ಕಾಲುಭಾಗದ ಮೇಲೆಯೇ ಇತ್ತು. ಪೆಟ್ರೋಲು ಮುಗಿದಿರಬಹುದೆಂದು ನಾನು ತಕ್ಷಣ ಯೋಚಿಸಲಿಲ್ಲ. ಬಾನೆಟ್ ಎತ್ತಿ, ಟಾರ್ಚು ಹಿಡಿದು ಪ್ಲಗ್ಗು ನೋಡುತ್ತ ಇಪ್ಪತ್ತು ನಿಮಿಷ ಕಳೆದೆ. ಕೊನೆಗೆ ಬೈಕಿನಲ್ಲಿ ಬಂದ ಇಬ್ಬರು ಹುಡುಗರು ನಿಂತು, ಏನನ್ನೂ ಕೇಳದೆ ಕಾರನ್ನು ಒಮ್ಮೆ ಅಲುಗಾಡಿಸಿ, "ಅಜ್ಜಾರ, ಎಣ್ಣಿನೇ ಇಲ್ಲಲ್ರಿ" ಎಂದರು. ತಮ್ಮ ಬೈಕಿನಿಂದ ಎರಡು ನೀರಿನ ಬಾಟಲಿ ಪೆಟ್ರೋಲು ಬಸಿದು ಹಾಕಿದರು. ಹಣ ತೆಗೆದುಕೊಳ್ಳಲಿಲ್ಲ.

ಕಮಲಾಪುರ ತಲುಪಿದಾಗ ಹೇಳಿದ್ದಕ್ಕಿಂತ ಒಂದೂಕಾಲು ತಾಸು ತಡವಾಗಿತ್ತು. ಕಾದು ಕಾದು ಅಳಿಯ 108ಕ್ಕೆ ಕರೆ ಮಾಡಿ, ವಾಹನ ಬಂದು, ಅಕ್ಕನನ್ನು ಸ್ಟ್ರೆಚರಿನ ಮೇಲೆ ಹತ್ತಿಸುತ್ತಿದ್ದರು. ಅಷ್ಟು ಹೊತ್ತು ಅವಳು ಬಚ್ಚಲ ಬಾಗಿಲಲ್ಲಿ ಚಾಪೆಯ ಮೇಲೆ ಮಲಗಿದ್ದಳು, ನಾನು ಬರುತ್ತೇನೆಂಬ ನಂಬಿಕೆಯಿಂದ. ಸೊಂಟದ ಮೂಳೆ ಮುರಿದಿತ್ತು. ನನ್ನ ಪುಟ್ಟ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಮಡಚಿ ಕೂರಿಸಿದ್ದರೆ ಇನ್ನೇನಾಗುತ್ತಿತ್ತೋ ಎಂದು ವೈದ್ಯರು ಆಮೇಲೆ ಗದರಿದರು. ಆ ಮಾತು ನನಗೆ ಸಮಾಧಾನ ತರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಈಗ ಕೋಲು ಹಿಡಿದು ನಡೆಯುತ್ತಾಳೆ.

ವಾರದ ನಂತರ ಗ್ಯಾರೇಜಿಗೆ ಹೋದೆ. ನಡೆದದ್ದನ್ನು ಹೇಳಿದೆ. ಅವನು ಬಹಳ ಹೊತ್ತು ಕೈಯೊರೆಸುತ್ತ ನಿಂತ. "ನಂದೂ ತಪ್ಪದ ಸರ್. ಬಾಯಿಲೆ ಹೇಳಿದ್ರ ಆಗಲ್ಲ, ಬರ್ದು ಅಂಟಿಸಬೇಕಾಗಿತ್ತು" ಎಂದ. ನಾನು ಬೇಡವೆಂದರೂ ಕೇಳಲಿಲ್ಲ.

ಅಂದು ಮಧ್ಯಾಹ್ನ ಟ್ಯಾಂಕು ಪೂರ್ತಿ ಬಸಿದು, ಲೀಟರು ಲೀಟರಾಗಿ ಅಳೆದು ಸುರಿದೆವು. ಅವನು ಸುರಿಯುವವನು, ನಾನು ಮುಳ್ಳು ನೋಡಿ ಕೂಗುವವನು, ಹುಡುಗನೊಬ್ಬ ಬರೆಯುವವನು. ಮೂರು ಲೀಟರಿಗೇ ಮುಳ್ಳು ಕಾಲುಭಾಗ ದಾಟಿತು. ಹತ್ತಕ್ಕೆ ಮುಕ್ಕಾಲಿಗೆ ಹತ್ತಿರ. ಹದಿನೇಳಕ್ಕೆ ತುಂಬಿತೆಂದು ತೋರಿಸಿ, ಆಮೇಲೆ ಅಲುಗಲಿಲ್ಲ. ಅದಲ್ಲದೆ ಎಳೆಕೊಳವೆ ತಳದಿಂದ ಎರಡು ಬೆರಳು ಮೇಲೆಯೇ ನಿಂತಿತ್ತು. ಆ ಕೊನೆಯ ಮೂರು ಲೀಟರು ಟ್ಯಾಂಕಿನಲ್ಲಿದ್ದರೂ ಎಂಜಿನ್ನಿಗೆ ದಕ್ಕುತ್ತಿರಲಿಲ್ಲ. ಕೊಳವೆಯನ್ನು ಉದ್ದ ಮಾಡಿದ. ಹಳೆಯ ಬುರುಡೆಯನ್ನು ಹೊಸ ತಟ್ಟೆಗೆ ಕೂಡಿಸಲು ನೋಡಿದ, ಅದರ ತೋಳು ಒಳಗೋಡೆಗೆ ತಾಗಿತು. ಮೀಟರನ್ನು ಹಾಗೆಯೇ ಬಿಟ್ಟೆವು.

ಬದಲಿಗೆ ಡ್ಯಾಶ್‌ಬೋರ್ಡಿನ ಮೇಲೆ ಒಂದು ಚೀಟಿ ಅಂಟಿದೆ. ಎಡಕ್ಕೆ ಮುಳ್ಳಿನ ಸ್ಥಾನ, ಬಲಕ್ಕೆ ನಿಜವಾದ ಲೀಟರು, ಎಲ್ಲವೂ ಅವನ ದುಂಡಗಿನ ಅಕ್ಷರದಲ್ಲಿ. ಅಕ್ಕನಿಗೆ ಓದು ಬಾರದು. ಕಾರು ಹತ್ತಿ ಕೋಲನ್ನು ಕಾಲ ಬಳಿ ಇರಿಸಿಕೊಂಡ ಮೇಲೆ, ನಾನು ಚಾವಿ ತಿರುಗಿಸುವ ಮೊದಲೇ, ಆ ಚೀಟಿಯತ್ತ ಬೆರಳು ತೋರಿಸಿ, "ಓದು, ಎಷ್ಟದ?" ಎನ್ನುತ್ತಾಳೆ. ಓದಿ ಹೇಳುತ್ತೇನೆ. ಆಮೇಲೆ ಹೊರಡುತ್ತೇವೆ.