ಮನ್ನಣೆಯ ಅಳತೆಗೋಲು

ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಎಲ್ಲರೂ ಒಪ್ಪಿದ ಮಾತು. ಒಳ್ಳೆಯದಾಗಿ ದುಡಿದವನಿಗೆ ಮನ್ನಣೆಯೂ ಸಲ್ಲಬೇಕೆಂಬುದು ಅಷ್ಟೇ ನ್ಯಾಯವಾದುದು. ಆದರೆ ಕೂಲಿಗೆ ಕರಾರಿದೆ, ಮನ್ನಣೆಗೆ ಕರಾರಿಲ್ಲ. ಆದುದರಿಂದ ಅದನ್ನು ಕೊಡತಕ್ಕವರ ಹೊಣೆ ದೊಡ್ಡದು. ನೂರು ಮಂದಿಯಲ್ಲಿ ಒಬ್ಬನನ್ನು ಕರೆದು ಹಾರ ಹಾಕಿದಾಗ ಉಳಿದವರ ಮನಸ್ಸಿನಲ್ಲಿ "ಇವನಿಗೇ ಏಕೆ?" ಎಂಬ ಪ್ರಶ್ನೆ ಏಳದಿರದು. ಅದಕ್ಕೆ ಅವರೂ ಒಪ್ಪತಕ್ಕ ಉತ್ತರವಿಲ್ಲದಿದ್ದರೆ ಒಬ್ಬನ ಸಂತೋಷಕ್ಕಾಗಿ ಹಲವರ ಉತ್ಸಾಹವನ್ನು ಕಳೆದಂತಾಗುವುದು.

ರಾಮನಗರದ ರೇಷ್ಮೆಯ ಕಸಬು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯ ಮಾರುಕಟ್ಟೆಯಲ್ಲಿ ಹರಾಜಾದ ಗೂಡು ಬಿಚ್ಚಾಣಿಕೆಯ ಮನೆಗಳಿಗೆ ಹೋಗಿ ನೂಲಾಗುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿಯಿತೆಂಬ ಲೆಕ್ಕಕ್ಕೆ ಕಸಬಿನವರು ರೆಂಡಿಟ್ಟವೆನ್ನುತ್ತಾರೆ. ದ್ವಿತಳಿಯ ಗಟ್ಟಿ ಗೂಡಾದರೆ ಈ ಲೆಕ್ಕ ಇಳಿಯುವುದು. ತೆಳುವಾದ ಮಿಶ್ರತಳಿಯ ಗೂಡಾದರೆ ಏರುವುದು. ಹೀಗಿರಲು, ಸಂಜೆಗೆ ಯಾರ ನೂಲು ಹೆಚ್ಚು ತೂಗಿತೆಂದು ಮಾತ್ರ ನೋಡಿ ಬಹುಮಾನವಿತ್ತರೆ ಅದು ಕೈಗೆ ಸಂದಿತೋ ಗೂಡಿಗೆ ಸಂದಿತೋ ಹೇಳುವುದು ಕಷ್ಟ. ಮೇಲಿಂದ ಮೇಲೆ ಕಡಿಯುವ ಎಳೆಯನ್ನು ತಾಳ್ಮೆಯಿಂದ ಕೂಡಿಸಿ ಸಮನಾದ ನೂಲು ತೆಗೆದವಳು ತೂಕದಲ್ಲಿ ಹಿಂದೆ ಬಿದ್ದಿರಬಹುದು, ಕುಶಲತೆಯಲ್ಲಿ ಅಲ್ಲ. ಇನ್ನು ಗೂಡನ್ನು ಹದವರಿತು ಬೇಯಿಸಿಕೊಟ್ಟವನ ಶ್ರಮವಂತೂ ನೂಲಿನಲ್ಲಿ ಕಾಣುವುದೇ ಇಲ್ಲ. ಹದ ತಪ್ಪಿದ ದಿನ ಮಾತ್ರ ಅವನ ಹೆಸರು ಕೇಳಿಬರುತ್ತದೆ. ಆದುದರಿಂದ ಫಲವನ್ನು ಅಳೆಯುವ ಮುನ್ನ ದೊರೆತ ಸಾಮಗ್ರಿಯನ್ನೂ, ಕಾಣದೆ ನಿಂತು ನೆರವಾದವರನ್ನೂ ಗಣಿಸುವುದು ಯುಕ್ತ.

ಚನ್ನಪಟ್ಟಣದ ಬೊಂಬೆಯ ಕೆಲಸದಲ್ಲಿ ಇನ್ನೊಂದು ತೊಡಕುಂಟು. ತಿರುಗುವ ಆಲೆಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಚ್ಚಿ ಹೊಳಪು ಬರಿಸುವುದರಲ್ಲಿ ಬಿರುಸಿನ ಕೈಯೂ ಇದೆ, ನಯದ ಕೈಯೂ ಇದೆ. ಎಣಿಕೆಯನ್ನು ಯಾರಾದರೂ ಮಾಡಬಹುದು. ನಯವನ್ನು ಕಂಡು ಹೇಳಲು ಕಸಬು ಬಲ್ಲ ಕಣ್ಣು ಬೇಕು. ಭಾರತ ಸರ್ಕಾರವು 1965ರಿಂದ ನಿಪುಣ ಕರಕುಶಲಿಗಳಿಗೆ ರಾಷ್ಟ್ರಪ್ರಶಸ್ತಿಯನ್ನು ಕೊಡುತ್ತ ಬಂದಿದೆ. ಅಂತಹ ಮನ್ನಣೆಗೆ ಬೆಲೆ ಬರುವುದು ಎಣಿಕೆಯಿಂದಲ್ಲ, ಬಲ್ಲವರ ಪರೀಕ್ಷೆಯಿಂದ.

ಕಚೇರಿಗಳಲ್ಲಿಯೂ ಇದೇ ನ್ಯಾಯ. ರಾಜ್ಯ ಸರ್ಕಾರದ ಸರ್ವೋತ್ತಮ ಸೇವಾ ಪ್ರಶಸ್ತಿ ಜಿಲ್ಲೆಯ ಮಟ್ಟದಲ್ಲಿಯೂ ನೌಕರರಿಗೆ ಸಲ್ಲುತ್ತದೆ. ಕಡತಗಳನ್ನು ಬೇಗ ಮುಗಿಸಿದ ಪೇಟೆಯ ಗುಮಾಸ್ತನನ್ನೂ, ಕನಕಪುರದ ಕಾಡಂಚಿನ ಹಳ್ಳಿಗಳನ್ನು ಸುತ್ತುವ ದಾದಿಯನ್ನೂ ಒಂದೇ ಪಟ್ಟಿಯಲ್ಲಿಟ್ಟು ಅಂಕ ಕೊಟ್ಟರೆ, ಕಣ್ಣೆದುರಿಗಿರುವವನೇ ಗೆಲ್ಲುವ ಸಂಭವ ಹೆಚ್ಚು.

ಹಿಂದಿನವರು ಈ ವಿಷಯದಲ್ಲಿ ಒಂದು ಎಚ್ಚರವನ್ನಿಟ್ಟುಕೊಂಡಿದ್ದರು. ಕೆರೆ ಕಟ್ಟಿಸಿದವನಿಗೆ ಕಟ್ಟುಗೊಡಗೆ, ಕಾದಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಎಂದು ಹಳೆಯ ಶಾಸನಗಳು ಭೂಮಿಯ ದತ್ತಿಯನ್ನು ಹೆಸರಿಸುತ್ತವೆ. ಯಾವ ಕಾರ್ಯಕ್ಕೆ ಯಾವ ಗೌರವವೆಂಬುದು ಆ ಹೆಸರಿನಲ್ಲಿಯೇ ಇತ್ತು. ಅದನ್ನು ಕಲ್ಲಿನ ಮೇಲೆ ಊರೆಲ್ಲ ನೋಡುವಂತೆ ಬರೆಯಿಸುತ್ತಿದ್ದರು. ಮಾಗಡಿಯ ಕಡೆಯ ಹೊಲಗಳ ಬದಿಯಲ್ಲಿ ನಿಂತ ವೀರಗಲ್ಲಿನಲ್ಲಿಯೂ ಮೊದಲು ಕಾಣುವುದು ವೀರನ ಕಾಳಗ. ಇಂದಿನ ಪ್ರಶಸ್ತಿಪತ್ರದಲ್ಲಿಯೂ "ಉತ್ತಮ ಸೇವೆ" ಎಂಬ ಬರಿಯ ಮಾತಿಗೆ ಬದಲಾಗಿ ಮಾಡಿದ ಕೆಲಸವನ್ನು ಎರಡು ಸಾಲಿನಲ್ಲಿ ಬರೆಯುವುದಾದರೆ, ಅನರ್ಹನ ಹೆಸರನ್ನು ಬರೆಯುವಾಗ ಲೇಖನಿ ತಾನಾಗಿ ತಡೆದೀತು.

ತಾರತಮ್ಯವೆಂಬ ಮಾತಿಗೆ ಈಗ ಭೇದಭಾವವೆಂಬ ಅರ್ಥವೇ ಮುಂದಾಗಿದೆ. ಹೆಚ್ಚುಕಡಮೆಗಳನ್ನು ಅರಿಯುವ ವಿವೇಕವೆಂಬುದು ಅದರ ಹಳೆಯ ಅರ್ಥ. ನಿಯಮವನ್ನು ವರ್ಷದ ಆರಂಭದಲ್ಲಿಯೇ ಸಾರಿ, ಜೊತೆಯಲ್ಲಿ ದುಡಿಯುವವರ ಅಭಿಪ್ರಾಯವನ್ನು ಕೇಳಿ, ಕಾರಣವನ್ನು ಬಹಿರಂಗವಾಗಿ ಹೇಳುವ ಸಂಸ್ಥೆಯಲ್ಲಿ ಆ ಹಳೆಯ ಅರ್ಥ ಉಳಿಯುತ್ತದೆ. ಅಲ್ಲಿ ಬಹುಮಾನ ಬಾರದವನೂ ಮನಸ್ಸಾರ ಚಪ್ಪಾಳೆ ತಟ್ಟುತ್ತಾನೆ.