ಎತ್ತಿಲ್ಲದವನ ಬಂಡಿ

ನಮ್ಮ ಮನೆಯಲ್ಲಿ ಈಗ ಎತ್ತುಗಳಿಲ್ಲ. ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತದೆ, ಸೋಯಾ ರಾಶಿ ಮಷೀನಿನಲ್ಲಾಗುತ್ತದೆ, ನಾನು ಬೀದರ್‌ನಲ್ಲಿ ನೌಕರಿ ಮಾಡಿಕೊಂಡಿದ್ದೇನೆ. ಹಾಗಿದ್ದೂ ಔರಾದ ತಾಲ್ಲೂಕಿನ ನಮ್ಮೂರ ಮನೆಯ ಗೋಡೆಗೆ ಒರಗಿ ಗೆದ್ದಲು ಹಿಡಿಯುತ್ತಿದ್ದ ಅಜ್ಜನ ಕಾಲದ ಬಂಡಿಯನ್ನು ರಿಪೇರಿ ಮಾಡಿಸಿದೆ. ಕೇಳಿದವರಿಗೆಲ್ಲ ‘ಭಾಳ ಕಡಿಮಿ ಖರ್ಚಿನ್ಯಾಗ ಮುಗೀತು’ ಅಂದೆ. ಆ ಮಾತನ್ನೇ ಈಗ ಕೆದಕಿ ನೋಡಬೇಕೆನಿಸಿದೆ.

ಮರ ಬದುವಿನ ಜಾಲಿಯದು, ದುಡ್ಡು ಕೊಡಲಿಲ್ಲ. ಗಾಲಿಯ ನಡುವಿನ ಗುಂಭ ಗಟ್ಟಿಯಾಗಿತ್ತು. ಕೆಲವು ಅರಗಳು, ಸುತ್ತಿನ ತುಂಡುಗಳು ಮಾತ್ರ ಹೋಗಿದ್ದವು. ಕಬ್ಬಿಣದ ಹಳಿಯೂ ಹಳೆಯದೇ. ಮರ ಒಣಗಿ ಕುಗ್ಗಿದಾಗ ಹಳಿ ಸಡಿಲಾಗುತ್ತದೆ. ಅದನ್ನು ಕತ್ತರಿಸಿ, ಗಾಲಿಗಿಂತ ತುಸು ಚಿಕ್ಕದಾಗಿ ಮತ್ತೆ ಬೆಸೆಯಬೇಕು. ಆಮೇಲೆ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುವುದು. ಐದು ಅಡಿ ಗಾಲಿಯ ಹಳಿ ಐನೂರು ಡಿಗ್ರಿ ಕಾದರೆ ಅದರ ಸುತ್ತಳತೆ ಒಂದು ಇಂಚಿಗೂ ತುಸು ಹೆಚ್ಚೇ ಹಿಗ್ಗುತ್ತದೆ. ಅಷ್ಟರಲ್ಲೇ ಇಕ್ಕಳ ಹಿಡಿದು ಗಾಲಿಗೆ ಏರಿಸಿ, ಬಡಿದು ಕೂರಿಸಿ, ನೀರು ಸುರಿಯಬೇಕು. ಕಬ್ಬಿಣ ಕುಗ್ಗುವಾಗ ಅರಗಳೆಲ್ಲ ಗುಂಭದೊಳಗೆ ಕಿರ್ರೆಂದು ಬಿಗಿಯುತ್ತವೆ. ಬೇಸಿಗೆಯಲ್ಲಿ ಸಡಿಲಾದ ಗಾಲಿಯನ್ನು ನೀರಲ್ಲಿ ನೆನೆಹಾಕುವ ರೂಢಿಯೂ ನಮ್ಮಲ್ಲಿತ್ತು. ಕಡಲ ಕಡೆಯ ಮರದ ದೋಣಿಯದೂ ಇದೇ ಕಥೆ: ದಡದಲ್ಲಿ ಒಣಗಿ ಬಿರುಕು ಬಿಟ್ಟ ಹಲಗೆಗಳು ನೀರು ಕುಡಿದು ಉಬ್ಬಿ ಕೂಡಿಕೊಳ್ಳುತ್ತವೆ.

ಉಳಿದದ್ದು ಕೂಲಿ. ಬಡಿಗೇರ ಕಾಕಾ ಕೇಳಿದ್ದೇ ಕಡಿಮೆ. ಅವರಪ್ಪನ ಕಾಲದಲ್ಲಿ ಬಡಿಗೇರ, ಕಂಬಾರರಿಗೆ ಸುಗ್ಗಿಯಲ್ಲಿ ಆಯ ಸಿಗುತ್ತಿತ್ತು, ಕಣದಿಂದ ಜೋಳ ಅಳೆದು ಕೊಡುತ್ತಿದ್ದರು. ನಮ್ಮ ಗಡಿಯ ಮರಾಠಿ ಮನೆಗಳಲ್ಲಿ ಅದಕ್ಕೆ ಬಲುತೆ ಅನ್ನುತ್ತಾರೆ. ಈಗ ಕಾಕಾ ಮಾಡುವುದು ಬಾಗಿಲು, ಮಂಚ. ಎಷ್ಟೋ ವರ್ಷಕ್ಕೆ ಗಾಲಿಯ ಕೆಲಸ ಬಂತೆಂದು ಅವರು ಹಿಗ್ಗಿದ್ದು ನನಗೆ ಕಂಡಿತ್ತು. ಕಂಡದ್ದರಿಂದಲೇ ಚೌಕಾಸಿ ಮಾಡಿದೆ. ಅವರ ಖುಷಿಯನ್ನು ನಾನು ರಿಯಾಯಿತಿಯ ಲೆಕ್ಕಕ್ಕೆ ಹಾಕಿಕೊಂಡೆ. ಪರಂಪರೆ ಉಳಿಸುತ್ತೇನೆ ಎನ್ನುವವರ ಜೇಬು ಇಂಥ ಕಡೆಯೇ ಬಿಗಿಯಾಗುವುದು ವಿಚಿತ್ರ. (ಆ ಹೊತ್ತಿಗೆ ಹೊಸ ಮೊಬೈಲ್ ಕೊಂಡಿದ್ದೆ; ಅಲ್ಲಿ ಒಂದು ರೂಪಾಯಿಯೂ ಚೌಕಾಸಿ ಮಾಡಿರಲಿಲ್ಲ.)

ಅಪ್ಪನಿಗೆ ತೋರಿಸಿದೆ. ಗಾಲಿಯ ಮೇಲೆ ಕೈಯಾಡಿಸುತ್ತಾರೆ, ಕಣ್ಣು ತುಂಬಿಕೊಳ್ಳುತ್ತಾರೆ ಎಂಬ ಸಿನಿಮಾ ನನ್ನ ತಲೆಯಲ್ಲಿತ್ತು. ಅವರು, ‘ಎತ್ತಿನ ಹಿಂದ ನಡದೋರಿಗಿ ಗೊತ್ತದ, ಇದು ಎಷ್ಟ್ ವಜನ್ ಅದ ಅಂತ. ನಿನಗ ಕುಂದ್ರೋದಷ್ಟೇ ಗೊತ್ತದ’ ಅಂದು ಒಳಗೆ ಹೋದರು.

ನಿಜ. ನನ್ನ ಬಂಡಿ ಎಳ್ಳಮವಾಸ್ಯೆಯ ಬಂಡಿ. ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿಯ ಗಂಟಿನ ನಡುವೆ ಕೂತು ಹೊಲಕ್ಕೆ ಹೋದವನು ನಾನು. ಅಪ್ಪನದು ಮಳೆಗಾಲದ ಎರೆಮಣ್ಣಿನಲ್ಲಿ ಹೂತ ಗಾಲಿಗೆ ಹೆಗಲು ಕೊಟ್ಟ ಬಂಡಿ. ಅವರು ಬಿಟ್ಟರೆ ಸಾಕೆಂದು ಬಿಟ್ಟದ್ದನ್ನು ನಾನು ಮೆರುಗು ಹಚ್ಚಿ ನಿಲ್ಲಿಸಿದ್ದೇನೆ. ದುಡಿಮೆ ನಮ್ಮ ಮೈ ಬಿಟ್ಟು ದೂರ ಹೋದಮೇಲೆಯೇ ಅದರ ಸಾಮಾನು ಚಂದ ಕಾಣಲು ಶುರುವಾಯಿತೇ? ನನ್ನ ಮಟ್ಟಿಗೆ ಹೌದು.

ಚಿಕ್ಕಪ್ಪನ ಮಗನ ಹತ್ತಿರ ದೇವಣಿ ಎತ್ತಿನ ಜೋಡಿ ಇದೆ. ಬಂಡಿ ಒಯ್ಯಿ ಅಂದೆ. ನೋಡಿದ, ಗಾಲಿ ಒದ್ದು ಪರೀಕ್ಷಿಸಿದ. ‘ಮ್ಯಾಲಿನ ಕಟ್ಟಿಗಿ ಛಲೋ ಅದ ಅಣ್ಣಾ. ಗಾಲಿ ತಗದು ಟೈರ್ ಹಾಕ್ತೀನಿ. ಎತ್ತಿಗಿ ಹಗುರ ಆಗ್ತದ’ ಅಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ‘ವಿಚಾರ ಮಾಡಿ ಹೇಳ್ತೀನಿ’ ಅಂದೆ. ಅವನು ಮತ್ತೆ ಎರಡು ಸಲ ಫೋನ್ ಮಾಡಿದ್ದಾನೆ. ನಾನು ಇನ್ನೂ ವಿಚಾರ ಮಾಡುತ್ತಲೇ ಇದ್ದೇನೆ.