ಕೆಟ್ಟ ಸುದ್ದಿಯ ಚಂದಾದಾರರು

ನಮ್ಮ ಮನೆಯಲ್ಲಿ ಚಂದಾ ಎಂದರೆ ವಾರಪತ್ರಿಕೆಯದು. ವರ್ಷಕ್ಕೊಮ್ಮೆ ದುಡ್ಡು ಕಟ್ಟಿದರೆ ಆಯಿತು, ಧಾರಾವಾಹಿಯ ಮುಂದಿನ ಕಂತಿಗೆ ಅಕ್ಕ ಗೇಟಿನ ಬಳಿ ಅಂಚೆಯವನನ್ನು ಕಾಯುತ್ತ ನಿಲ್ಲುತ್ತಿದ್ದಳು. ಈಗ ನನ್ನ ಕೆಲಸದಲ್ಲೂ ಚಂದಾದಾರರಿದ್ದಾರೆ. ಇಲ್ಲಿ ದುಡ್ಡು ಕಟ್ಟಬೇಕಿಲ್ಲ. ಬರುವುದು ಬಹುಪಾಲು ಕೆಟ್ಟ ಸುದ್ದಿ. ಚಂದಾದಾರರು ಅದು ಬಾರದಿರಲಿ ಎಂದೇ ಕಾಯುತ್ತಾರೆ.

ಒಂದು ಕಾಲೇಜಿನ ಸರ್ವರ್ ಕೋಣೆ ನನ್ನ ಸುಪರ್ದಿಯಲ್ಲಿದೆ. ಅಲ್ಲಿರುವುದು 3 ದೊಡ್ಡ ಯಂತ್ರಗಳು. ಅವುಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ವರ್ಚುವಲ್ ಯಂತ್ರಗಳು ವಠಾರದ ಬಾಡಿಗೆದಾರರ ಹಾಗೆ ಬದುಕಿವೆ. ಒಂದರಲ್ಲಿ ಗ್ರಂಥಾಲಯದ ಕ್ಯಾಟಲಾಗ್, ಇನ್ನೊಂದರಲ್ಲಿ ಹಾಜರಾತಿ, ಮತ್ತೊಂದರಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟುಗಳು. ಇಡೀ ಮನೆ ತನ್ನದೇ ಎಂದು ಪ್ರತಿಯೊಂದೂ ನಂಬಿಕೊಂಡಿದೆ. ಈ ನಡುಗೋಡೆಗಳನ್ನು ಕಟ್ಟಿಕೊಡುವುದು ಕೆವಿಎಂ. 2007ರಲ್ಲಿ ಅದು ಲಿನಕ್ಸ್ ಕರ್ನಲ್‌ಗೆ ಸೇರಿತು, ಅದನ್ನು ರೂಪಿಸಿದ ಕುಮ್ರಾನೆಟ್ ಕಂಪನಿಯನ್ನು ಮರುವರ್ಷ ರೆಡ್ ಹ್ಯಾಟ್ ಕೊಂಡುಕೊಂಡಿತು. ವಠಾರದ ಪಾರುಪತ್ಯ ಮಾತ್ರ ಓವಿರ್ಟ್ ಎಂಬ ಮುಕ್ತ ತಂತ್ರಾಂಶದ್ದು.

ಓವಿರ್ಟ್‌ನ ಬಳಕೆದಾರರ ಪಟ್ಟಿಯಲ್ಲಿ ಒಬ್ಬರ ಹೆಸರನ್ನು ಒತ್ತಿದರೆ ಇವೆಂಟ್ ನೋಟಿಫೈಯರ್ ಎಂಬ ಟ್ಯಾಬ್ ಸಿಗುತ್ತದೆ. ಅಲ್ಲಿ ಸಂಭವಿಸಬಹುದಾದ ಅನಾಹುತಗಳ ಉದ್ದ ಪಟ್ಟಿ: ಹೋಸ್ಟ್ ಉತ್ತರಿಸುತ್ತಿಲ್ಲ, ಡಿಸ್ಕಿನಲ್ಲಿ ಜಾಗ ಕಡಿಮೆಯಾಗಿದೆ, ವರ್ಚುವಲ್ ಯಂತ್ರದ ಸ್ಥಳಾಂತರ ವಿಫಲವಾಗಿದೆ. ಬೇಕಾದ್ದಕ್ಕೆ ಟಿಕ್ ಹಾಕಿ ಇಮೇಲ್ ವಿಳಾಸ ಕೊಟ್ಟರೆ ಚಂದಾ ಆಯಿತು. ಹಿಂದೆ ಪ್ರತ್ಯೇಕ ಸೇವೆಯೊಂದು ಕೂತಿರುತ್ತದೆ. ನಾವು ಬದಲಿಸದಿದ್ದರೆ 120 ಸೆಕೆಂಡಿಗೊಮ್ಮೆ ದಿನಚರಿಯ ಕಡತ ತೆರೆದು, ಯಾರಿಗೆ ಯಾವ ಸುದ್ದಿ ಎಂದು ನೋಡಿ ಟಪಾಲಿಗೆ ಹಾಕುತ್ತದೆ.

ಕೆಲಸಕ್ಕೆ ಸೇರಿದ ಎರಡನೇ ವಾರ ಬೆಳಿಗ್ಗೆ ಒಂದು ಫೋನು ಬಂತು. "ಏನಮ್ಮಾ, ಎರಡನೇ ಹೋಸ್ಟು ರಾತ್ರಿ ಮಾತಾಡ್ಲಿಲ್ವಂತಲ್ಲ?" ನನಗೆ ಗೊತ್ತೇ ಇರಲಿಲ್ಲ. ಅತ್ತಲಿದ್ದವರು ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದು ನಿವೃತ್ತರಾಗಿ, ಶಿವಮೊಗ್ಗದ ಕಡೆ ತೋಟ ನೋಡಿಕೊಂಡಿದ್ದವರು. ಚಂದಾ ಇನ್ನೂ ಅವರ ಹೆಸರಿನಲ್ಲೇ ಇತ್ತು, ವಿಳಾಸವೂ ಅವರ ಸ್ವಂತದ್ದೇ. ರಾತ್ರಿ ಎರಡು ಗಂಟೆಗೆ ನಮ್ಮ ಯಂತ್ರ ಉಸಿರು ಬಿಟ್ಟದ್ದು ಅಡಿಕೆ ತೋಟದ ಮನೆಗೆ ತಿಳಿದಿತ್ತು!

ಅವರ ಟಿಕ್‌ಗಳನ್ನು ಅಂದು ಕೂತು ನೋಡಿದೆ. ಅಷ್ಟು ದೊಡ್ಡ ಪಟ್ಟಿಯಲ್ಲಿ ಹಾಕಿದ್ದು 7 ಮಾತ್ರ. ಬೇರೆಯವರ ಡೈರಿ ಓದಿದ ಹಾಗಾಯಿತು. ಪ್ರೊಸೆಸರ್ ಬಳಕೆ ಏರಿದ್ದು ಅವರಿಗೆ ಬೇಡ. ಬಾಡಿಗೆದಾರರು ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಹೊರಟದ್ದೂ ಬೇಡ. ಆದರೆ ಸ್ಟೋರೇಜ್‌ನಲ್ಲಿ ಜಾಗ ಮುಗಿದು ಯಂತ್ರ ನಿಂತಿತು ಎಂಬುದಕ್ಕೆ ಟಿಕ್ ಇತ್ತು. ಹಾಗಾದಾಗ ಯಂತ್ರ ಸಾಯುವುದಿಲ್ಲ, ನಡೆಯುತ್ತಿದ್ದ ಸಿನಿಮಾ ಒಂದೇ ಚಿತ್ರದಲ್ಲಿ ನಿಂತ ಹಾಗೆ ಇದ್ದಲ್ಲೇ ಸ್ತಬ್ಧವಾಗುತ್ತದೆ. ಆಚೆ ಬದಿಯಲ್ಲಿ ಪ್ರಾಜೆಕ್ಟ್ ಸೇವ್ ಮಾಡುತ್ತಿರುವ ಹುಡುಗಿ ತನ್ನ ಇಂಟರ್ನೆಟ್ಟೇ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಬಟನ್ ಒತ್ತುತ್ತಿರುತ್ತಾಳೆ. ಆ 7 ಟಿಕ್‌ಗಳೂ ಯಾರಾದರೂ ಹೊರಗೆ ತೊಂದರೆ ಪಡುವ ಸಂಗತಿಗಳೇ. ಯಂತ್ರದ ಸುಸ್ತು, ಏದುಸಿರಿಗೆ ಅವರು ಕಿವಿಗೊಟ್ಟಿರಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಹುಡುಗ ಎಲ್ಲದಕ್ಕೂ ಟಿಕ್ ಹಾಕೋಣ ಎಂದ. ಹಾಕಿಯೂ ಹಾಕಿದ, ತನ್ನ ಹೆಸರಿಗೆ. ಸ್ಥಳಾಂತರ ಶುರುವಾಯಿತು, ಮುಗಿಯಿತು, ಯಾರೋ ಲಾಗಿನ್ ಆಗಲು ಹೋಗಿ ಸೋತರು... ವಾರದೊಳಗೆ ಆ ಮೇಲ್‌ಗಳೆಲ್ಲ ನೇರವಾಗಿ ಒಂದು ಫೋಲ್ಡರಿಗೆ ಬೀಳುವಂತೆ ತಾನೇ ನಿಯಮ ಬರೆದುಕೊಂಡ. ಆ ಫೋಲ್ಡರನ್ನು ಅವನು ತೆರೆದದ್ದು ನಾನು ಕಂಡಿಲ್ಲ. ಆಸ್ಪತ್ರೆಯ ಐಸಿಯುವಿನಲ್ಲೂ ಇದೇ ತೊಂದರೆ. ಬಡಿದುಕೊಳ್ಳುವ ಅಲಾರಮ್‌ಗಳ ನಡುವೆ ನಿಜವಾದದ್ದು ಕೇಳಿಸದೆ ಹೋಗುತ್ತದೆ.

ಟಿಕ್‌ಗಳ ಆಯ್ಕೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಸುದ್ದಿ ಬಾರದ ರಾತ್ರಿಗಳು. ಮೇಲ್ ಬಂದಿಲ್ಲ ಎಂದರೆ ಎಲ್ಲ ಸರಿಯಿದೆ ಎಂದೋ, ಹೇಳುವವನೇ ಮಲಗಿದ್ದಾನೆ ಎಂದೋ? ಓವಿರ್ಟ್‌ನ ಮುಖ್ಯ ಎಂಜಿನ್ ಬಿದ್ದರೆ ಅದು ತನ್ನ ಸಾವನ್ನು ತಾನೇ ಹೇಳಲಾರದು. ಅದಕ್ಕೇ ಆ ಸುದ್ದಿ ಸೇವೆ ಆಗಾಗ ಎಂಜಿನ್ನಿನ ನಾಡಿ ಹಿಡಿದು ನೋಡುತ್ತದೆ. ಸುದ್ದಿ ಸೇವೆಯೇ ಬಿದ್ದರೆ? ಅದರ ಸಂರಚನಾ ಕಡತದಲ್ಲೊಂದು ಸಾಲಿದೆ: ಮತ್ತೆ ಎದ್ದಾಗ ಎಷ್ಟು ದಿನಗಳ ಹಳೆಯ ಸುದ್ದಿ ಕಳಿಸಬೇಕು ಎಂಬುದು. ಅದರ ಮೂಲ ಬೆಲೆ 0. ಕಾವಲುಗಾರ ಮಲಗಿದ್ದಾಗ ನಡೆದದ್ದನ್ನು ಎದ್ದ ಮೇಲೂ ಹೇಳುವುದಿಲ್ಲ, ಎಲ್ಲವನ್ನೂ ಓದಿಯಾಯಿತೆಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತಾನೆ. ತಡವಾಗಿ ಬಂದ ಎಚ್ಚರಿಕೆ ಗೊಂದಲ ಎಬ್ಬಿಸೀತೆಂಬ ಅಂಜಿಕೆ ಇದ್ದೀತು. ನನಗಂತೂ ಹಿಡಿಸಲಿಲ್ಲ, 1 ಎಂದು ಬದಲಿಸಿದೆ.

ನಮ್ಮ ಹಿರಿಯರ ಕಾಲದಲ್ಲಿ ಇದಕ್ಕೆ ಎರಡು ಬಗೆಯ ಟಪಾಲಿತ್ತು. ತಂತಿ ಬಂತೆಂದರೆ ಬಿಚ್ಚುವ ಮೊದಲೇ ಮನೆಯಲ್ಲಿ ಅಳು. ದೇಶದಲ್ಲಿ ಆ ಸೇವೆ ನಿಂತದ್ದು 2013ರ ಜುಲೈಯಲ್ಲಿ. ಇನ್ನೊಂದು ಕಾರ್ಡು: ಉಭಯ ಕುಶಲೋಪರಿ ಸಾಂಪ್ರತ ಎಂದು ಶುರುವಾಗಿ, ಮಳೆ, ದನ, ಮದುವೆ ಎಂದು ಹೇಳಿ ಮುಗಿಯುತ್ತಿತ್ತು. ಅದರಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಆದರೆ ಎರಡು ತಿಂಗಳು ಕಾರ್ಡು ಬಾರದಿದ್ದರೆ ಅಜ್ಜಿ ಯಾರನ್ನಾದರೂ ಬಸ್ಸು ಹತ್ತಿಸುತ್ತಿದ್ದಳು. ಓವಿರ್ಟ್‌ನ ಚಂದಾ ಬಹುಮಟ್ಟಿಗೆ ತಂತಿಯ ಚಂದಾ. ಕಾರ್ಡನ್ನು ನಾವೇ ಬರೆದುಕೊಳ್ಳಬೇಕು. ದಿನಾ ಬೆಳಿಗ್ಗೆ 6ಕ್ಕೆ ಸರ್ವರ್ ಕೋಣೆಯಿಂದ ಒಂದು ಸಾಲಿನ ಮೇಲ್ ಹೊರಡುವಂತೆ ಪುಟ್ಟ ಸ್ಕ್ರಿಪ್ಟ್ ಬರೆದೆ. ಅದು ಬಾರದಿದ್ದರೆ ಬೇರೆ ಕಟ್ಟಡದ ಬೇರೊಂದು ಯಂತ್ರ ನನಗೆ ಫೋನಿನಲ್ಲಿ ಸಂದೇಶ ಕಳಿಸುತ್ತದೆ.

ನಿವೃತ್ತ ಸರ್ ಅವರ ಚಂದಾ ತೆಗೆಯಲೇಬೇಕಿತ್ತು. ಸಂಸ್ಥೆಯ ಒಳಗಿನ ಯಂತ್ರಗಳ ಹೆಸರು, ದೋಷಗಳೆಲ್ಲ ಹೊರಗಿನ ಮೇಲ್‌ಬಾಕ್ಸಿಗೆ ಹೋಗುವುದು ತರವಲ್ಲ. ಹೇಳದೆ ತೆಗೆಯಲು ಮನಸ್ಸಾಗದೆ ಫೋನ್ ಮಾಡಿದೆ. "ತೆಗಿಯಮ್ಮಾ, ತೆಗೀಬೇಕಾದ್ದೇ," ಎಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ರಾತ್ರಿ ಫೋನು ಟಿಂಗ್ ಅಂದ್ರೆ ನಮ್ಮೋಳು ಬಯ್ತಾಳೆ. ಆದ್ರೂ ಎದ್ದು ನೋಡ್ತಿದ್ದೆ," ಎಂದರು.

ಆ 7 ಟಿಕ್‌ಗಳನ್ನು ಹಾಗೆಯೇ ನನ್ನ ಹೆಸರಿಗೆ ಹಾಕಿಕೊಂಡೆ. 8ನೆಯದನ್ನು ಸೇರಿಸಲು ಇನ್ನೂ ಕಾರಣ ಸಿಕ್ಕಿಲ್ಲ.

ಹೋದ ತಿಂಗಳು ಬೆಳಗಿನ ಮೇಲ್ ಸಂಗತಿ ಅವರಿಗೆ ಹೇಳಿದೆ. ಅದರಲ್ಲಿ ಏನು ಬರೆದಿರುತ್ತದೆ ಎಂದು ಕೇಳಿದರು. "ಎಲ್ಲ ಕ್ಷೇಮ, ಅಷ್ಟೇ ಸರ್," ಎಂದೆ. "ಅದರಲ್ಲಿ ಗುಟ್ಟೇನೂ ಇಲ್ವಲ್ಲ. ಆ ಒಂದು ಕಾಗದಕ್ಕೆ ನನ್ನ ವಿಳಾಸ ಸೇರಿಸಬಹುದಾ, ಕೇಳಿ ನೋಡು," ಎಂದರು.

ಪ್ರಾಂಶುಪಾಲರಿಗೆ ಅರ್ಜಿ ಬರೆದಿಟ್ಟಿದ್ದೇನೆ.